ಅಪ್ಪ ಮಾಡಿದ್ದನ್ನು ತಿಳಿಯುವ ದಿನ



*ಇಂದಿನ ಚಿಂತನೆ: ತಂದೆ, ಕೃತಜ್ಞತೆ ಮತ್ತು ಸಿಗಾಲೋವಾದ ಸುತ್ತ*

ಇವತ್ತು ಜೂನ್ ತಿಂಗಳ ಮೂರನೇ ಭಾನುವಾರ. ಬೆಳಿಗ್ಗೆ ಫೋನ್ ತೆಗೆದರೆ ಎಲ್ಲರ ಸ್ಟೇಟಸ್‌ನಲ್ಲೂ ಅಪ್ಪಂದಿರು. ಬೆಂಗಳೂರಿನಲ್ಲಿರುವ ನನ್ನ ಮಗನೂ ಒಂದು ಚಿತ್ರ ಕಳಿಸಿದ್ದಾನೆ. ಅದರಲ್ಲಿ ಒಂದು ಟೈ, ಪಕ್ಕದಲ್ಲಿ ಒಂದು ಕಪ್ ಕಾಫಿ. ನೋಡಿ ನಗು ಬಂತು. ನಮ್ಮಪ್ಪ ಗೋಣಿಬೀಡಿನ ಸುತ್ತಮುತ್ತಲ ಕಾಫಿ ತೋಟಗಳಲ್ಲಿ ನಲವತ್ತು ವರ್ಷ ದುಡಿದವನು. ಅವನ ಕೊರಳಿಗೆ ಇದ್ದದ್ದು ಟವೆಲ್. ಈ ತಿಂಗಳಲ್ಲಾದರೆ ತಲೆಯ ಮೇಲೆ ಗೋಣಿಕೊಪ್ಪೆ. ಅವನು ಕುಡಿದದ್ದು ಬೆಲ್ಲ ಹಾಕಿದ ಕರಿ ಕಾಫಿ.

ಈ ದಿನ ಎಲ್ಲಿಂದ ಬಂತು ಎಂದು ಬಳಗದ ಹುಡುಗರು ಕೇಳುತ್ತಾರೆ. ಅಮೆರಿಕದ ಸ್ಪೋಕೇನ್ ಎಂಬ ಊರಿನಲ್ಲಿ ಸೊನೋರಾ ಸ್ಮಾರ್ಟ್ ಡಾಡ್ ಎಂಬ ಹೆಣ್ಣುಮಗಳ ಪ್ರಯತ್ನದಿಂದ 1910ರ ಜೂನ್ 19ರಂದು ಮೊದಲು ಆಚರಣೆಯಾಯಿತು. ತಾಯಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಆಕೆಯ ತಂದೆ ಆರು ಮಕ್ಕಳನ್ನು ಒಬ್ಬನೇ ಸಾಕಿದ. ಅದನ್ನು ನೆನೆಯಲು ಒಂದು ದಿನ ಬೇಕು ಎಂದು ಆಕೆಗೆ ಅನ್ನಿಸಿತು. ಅಲ್ಲಿನ ಸರ್ಕಾರ ಕಾನೂನು ಮಾಡಿ ಇದನ್ನು ಕಾಯಂ ಮಾಡಿದ್ದು 1972ರಲ್ಲಿ. ಅಂಗಡಿಯವರ ಕೈಗೆ ಸಿಕ್ಕಿದ್ದು ಬೇರೆ ಮಾತು. ಮೂಲದಲ್ಲಿ ಅದು ತನ್ನ ಅಪ್ಪ ಏನು ಮಾಡಿದ ಎಂದು ಕಣ್ಣಾರೆ ಕಂಡಿದ್ದ ಒಬ್ಬ ಮಗಳ ಮಾತು.

ಆದರೆ ಬಂಧುಗಳೇ, ನಮ್ಮ ಕೇರಿಗಳಲ್ಲಿ ಅಪ್ಪಂದಿರ ದಿನ ಅದಕ್ಕೂ ಹಿಂದಿನಿಂದ ಇತ್ತು. ಮಹಾಲಯ ಅಮಾವಾಸ್ಯೆಯ ಎಡೆ. ನಾನು ಚಿಕ್ಕವನಿದ್ದಾಗ ತೋಟದ ಲೈನ್ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಅಪ್ಪ ಎಡೆ ಇಡುತ್ತಿದ್ದ. ಗೋಡೆ ಬದಿ ಸಾರಿಸಿ, ಬಾಳೆ ಎಲೆ ಹಾಸಿ, ಅನ್ನ, ಕಡುಬು, ಕೋಳಿ ಸಾರು, ಎಲೆ ಅಡಿಕೆ, ಒಂದು ಕಟ್ಟು ಬೀಡಿ, ಒಂದು ಪಂಚೆ, ಒಂದು ಲೋಟ ಸಾರಾಯಿ. ಪುರೋಹಿತ ಇಲ್ಲ, ಮಂತ್ರ ಇಲ್ಲ. ಬಾಗಿಲು ಮುಂದೆ ಮಾಡಿ ನಾವೆಲ್ಲ ಹೊರಗೆ ನಿಲ್ಲುತ್ತಿದ್ದೆವು, ತಾತ ಬಂದು ಉಂಡು ಹೋಗಲಿ ಅಂತ. ತಾತನಿಗಿಂತ ಆ ಕೋಳಿ ಸಾರಿನ ಮೇಲೇ ನನ್ನ ಧ್ಯಾನ.

ನಾನು ಧಮ್ಮ ದೀಕ್ಷೆ ತೆಗೆದುಕೊಂಡಿದ್ದು 2006ರ ಅಕ್ಟೋಬರ್ 14ರಂದು. ನಾಗಪುರದ ದೀಕ್ಷೆಗೆ ಅಂದು 50 ವರ್ಷ ತುಂಬಿತ್ತು. ಆಗ ನಾನು ಮೇಷ್ಟ್ರಾಗಿದ್ದೆ, ಲೈನ್ ಬಿಟ್ಟು ಕಾಲೊನಿಯ ಮನೆಗೆ ಬಂದಾಗಿತ್ತು, ಅಪ್ಪ ಅವ್ವ ನನ್ನ ಜೊತೆಗೇ ಇದ್ದರು. ಹೊಸದಾಗಿ ದೀಕ್ಷೆ ತೆಗೆದುಕೊಂಡವರ ಬಿಸಿ ನಿಮಗೆ ಗೊತ್ತೇ ಇದೆ. ಇಪ್ಪತ್ತೆರಡು ಪ್ರತಿಜ್ಞೆಗಳೂ ಬಾಯಿಪಾಠ. ಮರುವರ್ಷ ಮಹಾಲಯ ಬಂತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತುಹೋಗಿತ್ತು. ಹಾಗಾಗಿ ಅಪ್ಪ ಮೂಡಿಗೆರೆಗೆ ಹೋಗಿ ಒಂದು ಕ್ವಾರ್ಟರ್ ವಿಸ್ಕಿ ತಂದು ಎಡೆಗೆ ಇಟ್ಟಿದ್ದ. ನಾನು ಬಾಗಿಲಲ್ಲಿ ನಿಂತು ಪ್ರತಿಜ್ಞೆಗಳನ್ನು ಹೇಳಿದೆ. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬ ಆರನೆಯದು. ಮದ್ಯ ಮುಟ್ಟುವುದಿಲ್ಲ ಎಂಬ ಹದಿನೇಳನೆಯದು. ಸತ್ತವರು ಬಂದು ಕೋಳಿ ತಿನ್ನುತ್ತಾರಾ ಅಂತಲೂ ಕೇಳಿದೆ. ಈ ಮನೆಯಲ್ಲಿ ಇನ್ನು ಇದು ನಡೆಯುವುದಿಲ್ಲ ಎಂದೆ. 'ಈ ಮನೆ' ಎನ್ನುವಾಗ ಅದು ನನ್ನ ಸಂಬಳದಲ್ಲಿ ಕಟ್ಟಿದ ಮನೆ ಎಂಬ ಧ್ವನಿಯೂ ಅದರಲ್ಲಿತ್ತು.

ಅಪ್ಪ ಜಗಳ ಆಡಲಿಲ್ಲ. ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಿಲಿಗೆ ಹೋದ. ಹೋಗುವಾಗ ಒಂದೇ ಮಾತು ಹೇಳಿದ. "ನಿಮ್ಮ ತಾತ ಬದುಕಿದ್ದಾಗ ಅವನಿಗೆ ಒಂದು ದಿನ ಹೊಟ್ಟೆ ತುಂಬ ಅನ್ನ ಹಾಕಕ್ಕೆ ಆಗಲಿಲ್ಲ ಕಣೋ ಮಗ. ಅದಕ್ಕೆ ಇಡ್ತಿದ್ದೆ."

ಮುಂದೆ ಅವನು ಎಡೆ ಇಡಲಿಲ್ಲ. ಮೂರು ವರ್ಷ ಆದ ಮೇಲೆ ಮಳೆಗಾಲದಲ್ಲಿ ತೀರಿಕೊಂಡ. ನಾನು ಬುದ್ಧ ವಂದನೆ, ತ್ರಿಸರಣ, ಪಂಚಶೀಲ ಹೇಳಿಸಿಯೇ ಮಣ್ಣು ಮಾಡಿದೆ. ಅದರಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಎಲ್ಲಿ ಎಂದು ನನಗೆ ತಿಳಿದದ್ದು ಸಿಗಾಲೋವಾದ ಸುತ್ತವನ್ನು ಬಳಗದಲ್ಲಿ ಓದುವಾಗ.

ದೀಘ ನಿಕಾಯದ 31ನೇ ಸುತ್ತ ಅದು. ಹಿಂದೆ ಇದೇ ಗುಂಪಿನಲ್ಲಿ ಓದಿದ್ದೇವೆ, ಆದರೂ ಇನ್ನೊಮ್ಮೆ ನೋಡೋಣ. ರಾಜಗೃಹದ ಹೊರಗೆ ಸಿಗಾಲ ಎಂಬ ಗೃಹಸ್ಥನ ಮಗ ಬೆಳಿಗ್ಗೆ ಎದ್ದು, ಒದ್ದೆ ಬಟ್ಟೆ, ಒದ್ದೆ ಕೂದಲಲ್ಲಿ ನಿಂತು ಆರು ದಿಕ್ಕುಗಳಿಗೂ ಕೈಮುಗಿಯುತ್ತಿದ್ದಾನೆ. ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ, ಕೆಳಗೆ, ಮೇಲೆ. ವೇಳುವನದಿಂದ ಭಿಕ್ಷೆಗೆ ಹೊರಟ ಬುದ್ಧರು ಅವನನ್ನು ಕಂಡರು. ಅವರು ಮೊದಲು ಮಾಡಿದ್ದೇನು? ಯಾಕೆ ಹೀಗೆ ಮಾಡುತ್ತಿದ್ದೀಯ ಎಂದು ಕೇಳಿದರು. ಸಾಯುವ ಮುಂಚೆ ನಮ್ಮ ತಂದೆ ಹೀಗೆ ಮಾಡು ಅಂದಿದ್ದರು, ಅವರ ಮಾತಿನ ಮೇಲಿನ ಗೌರವಕ್ಕೆ ಮಾಡುತ್ತಿದ್ದೇನೆ ಎಂದು ಅವನು ಹೇಳಿದ.

ಇಲ್ಲಿ ನಿಲ್ಲಬೇಕು. ನಾನಾಗಿದ್ದರೆ ದಿಕ್ಕಿಗೆ ಕೈಮುಗಿಯುವುದು ಮೌಢ್ಯ ಎಂದು ಅಲ್ಲೇ ಭಾಷಣ ಶುರು ಮಾಡುತ್ತಿದ್ದೆ. ನಿಮ್ಮಪ್ಪ ದಡ್ಡ ಎಂದು ಬುದ್ಧರು ಹೇಳಲಿಲ್ಲ. ಅಪ್ಪನ ಮಾತನ್ನು ಬಿಡು ಎಂದೂ ಹೇಳಲಿಲ್ಲ. ಆರು ದಿಕ್ಕುಗಳಿಗೆ ನಮಸ್ಕರಿಸುವ ಕ್ರಮ ಇದಲ್ಲ, ಬೇರೆ ಇದೆ ಎಂದರು. ಅವನು ಅದನ್ನು ಕಲಿಸಿ ಎಂದು ಕೇಳಿಕೊಂಡ ಮೇಲೆ ಕಲಿಸಿದರು. ಪೂರ್ವ ದಿಕ್ಕು ಎಂದರೆ ತಾಯಿ ತಂದೆ. ದಕ್ಷಿಣ ಗುರುಗಳು. ಪಶ್ಚಿಮ ಹೆಂಡತಿ ಮಕ್ಕಳು. ಉತ್ತರ ಗೆಳೆಯರು. ಕೆಳಗಿನ ದಿಕ್ಕು ಆಳುಗಳು, ಕೆಲಸದವರು. ಮೇಲಿನದು ಶ್ರಮಣರು, ಜ್ಞಾನಿಗಳು. ಅಪ್ಪ ಕೊಟ್ಟ ಆರು ದಿಕ್ಕು ಹಾಗೇ ಉಳಿದವು, ಅವುಗಳ ಅರ್ಥ ಬೇರೆಯಾಯಿತು. ಸಿಗಾಲ ಅಪ್ಪನ ಮಾತನ್ನು ಮೀರದೆಯೇ ಮೌಢ್ಯದಿಂದ ಹೊರಗೆ ಬಂದ. ಅಟ್ಟಕಥೆಯಲ್ಲಿ ಇನ್ನೊಂದು ವಿವರ ಇದೆ. ಸಿಗಾಲನ ತಂದೆ ಬುದ್ಧರ ಉಪಾಸಕನೇ. ಧಮ್ಮ ಅಂದರೆ ಮೂಗು ಮುರಿಯುತ್ತಿದ್ದವನು ಮಗ. ನನ್ನ ಮಾತು ಕೇಳದ ಇವನು ದಿಕ್ಕಿಗೆ ಕೈಮುಗಿಯುತ್ತ ನಿಂತಾದರೂ ಒಂದು ದಿನ ಬುದ್ಧರ ಕಣ್ಣಿಗೆ ಬೀಳಲಿ ಎಂದು ತಂದೆ ಹಾಗೆ ಹೇಳಿದ್ದನಂತೆ. ನಮ್ಮ ಮನೆಗಳಲ್ಲಿ ಬಹಳ ಸಲ ಇದು ತಲೆಕೆಳಗು, ಮಗ ಉಪಾಸಕ, ಅಪ್ಪ ಹಳೆಯ ದಾರಿ. ಆದರೂ ಬುದ್ಧರು ಕೇಳಿದ ಪ್ರಶ್ನೆ ಎರಡೂ ಕಡೆಗೆ ಆಗುತ್ತದೆ. ಯಾಕೆ ಹೀಗೆ ಮಾಡುತ್ತೀಯ ಎಂದು ನಾನು ಅಪ್ಪನನ್ನು ಕೇಳಲೇ ಇಲ್ಲ. ಎಲೆ ಎತ್ತಿಕೊಂಡು ಹೋಗುವಾಗ ಅವನೇ ಹೇಳಿದ.

ಮಕ್ಕಳು ತಾಯಿ ತಂದೆಗೆ ಮಾಡಬೇಕಾದ ಐದು ಕೆಲಸಗಳು ಈ ಸುತ್ತದಲ್ಲಿವೆ. ಅವರು ನಮ್ಮನ್ನು ಸಾಕಿದ್ದರು, ನಾವು ಅವರನ್ನು ಸಾಕುವುದು. ಅವರ ಕೆಲಸಗಳನ್ನು ನಾವು ಹೊತ್ತುಕೊಳ್ಳುವುದು. ಮನೆತನ ಉಳಿಸುವುದು. ಅವರು ಬಿಟ್ಟುಹೋಗುವುದಕ್ಕೆ ಯೋಗ್ಯರಾಗುವುದು. ಅವರು ತೀರಿದ ಮೇಲೆ ಅವರ ಹೆಸರಲ್ಲಿ ದಾನ ಮಾಡುವುದು. ಈ ಐದನೆಯದರ ಮೇಲೆ ಬಳಗದಲ್ಲಿ ದೊಡ್ಡ ಚರ್ಚೆಯೇ ಆಯಿತು. ಇದು ಹಿಂಬಾಗಿಲಿಂದ ಬಂದ ಶ್ರಾದ್ಧ ಅಲ್ಲವೇ ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ನನ್ನ ತಿಳಿವಳಿಕೆ ಇಷ್ಟು: ಪಿಂಡ ಇಡುವುದು ಸತ್ತವನಿಗೆ ಹಸಿವಿದೆ ಎಂದು ನಂಬಿ, ಅದನ್ನು ತೀರಿಸಲು ನಡುವೆ ಒಬ್ಬ ಮೇಲ್ಜಾತಿಯವನು ಬೇಕು ಎಂದು ನಂಬಿ. ದಾನ ಹೋಗುವುದು ಹಸಿದಿರುವ, ಬದುಕಿರುವವರ ಕೈಗೆ. ಒಂದರಲ್ಲಿ ಅಪ್ಪ ಪ್ರೇತ, ಇನ್ನೊಂದರಲ್ಲಿ ಅಪ್ಪ ನೆನಪು. ಹಾಗಾಗಿ ಆರನೇ ಪ್ರತಿಜ್ಞೆಗೆ ಇದರಿಂದ ಭಂಗವಿಲ್ಲ ಎಂದೇ ನಾನು ತಿಳಿದಿದ್ದೇನೆ. ಒಪ್ಪದವರು ಗುಂಪಿನಲ್ಲಿ ಬರೆಯಿರಿ.

ಆದರೆ ಆ ಸುತ್ತದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪೂರ್ವ ದಿಕ್ಕಲ್ಲ, ಕೆಳಗಿನ ದಿಕ್ಕು. ಒಡೆಯನಾದವನು ಕೆಲಸದವರಿಗೆ ಐದು ರೀತಿ ನಡೆದುಕೊಳ್ಳಬೇಕು. ಅವರ ಶಕ್ತಿ ನೋಡಿ ಕೆಲಸ ಹಚ್ಚಬೇಕು. ಊಟ, ಕೂಲಿ ಕೊಡಬೇಕು. ಕಾಯಿಲೆ ಬಿದ್ದರೆ ನೋಡಿಕೊಳ್ಳಬೇಕು. ವಿಶೇಷ ಅಡುಗೆ ಮಾಡಿದಾಗ ಹಂಚಿಕೊಂಡು ತಿನ್ನಬೇಕು. ಹೊತ್ತಿಗೆ ಸರಿಯಾಗಿ ಬಿಡುವು ಕೊಡಬೇಕು. ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು ಇದು. ನಮ್ಮ ದೇಶದಲ್ಲಿ ತೋಟದ ಕಾರ್ಮಿಕರಿಗೆ ಮನೆ, ಔಷಧ, ರಜೆ ಕೊಡಬೇಕು ಎಂಬ ಕಾಯ್ದೆ ಬಂದದ್ದು 1951ರಲ್ಲಿ. ಇದನ್ನು ಓದುವಾಗ ನಮ್ಮಪ್ಪ ಕಣ್ಣ ಮುಂದೆ ಬಂದ. ಅವನು ಒಂದು ಮನೆಗೆ ಪೂರ್ವ ದಿಕ್ಕು, ಒಂದು ತೋಟಕ್ಕೆ ಕೆಳಗಿನ ದಿಕ್ಕು. ಅರವತ್ತು ದಾಟಿದ ಮೇಲೂ ಅವನನ್ನು ಮರಗಸಿಗೆ ಹತ್ತಿಸುತ್ತಿದ್ದರು. ಹಾಲವಾಣದ ಮರ ಮಳೆಗೆ ಜಾರುತ್ತದೆ, ಬಲ್ಲವರಿಗೆ ಗೊತ್ತು. ಜ್ವರ ಬಂದ ದಿನ ಕೂಲಿ ಇಲ್ಲ. ಮುಂಗಡದ ಲೆಕ್ಕ ರೈಟರ ಪುಸ್ತಕದಲ್ಲಿ ಇರುತ್ತಿತ್ತು, ಅಪ್ಪನ ಹೆಬ್ಬೆಟ್ಟೂ ಅಲ್ಲೇ. ಆ ಪುಸ್ತಕದಲ್ಲಿ ಏನಿತ್ತು ಎಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. ತಾತನಿಗೆ ಹೊಟ್ಟೆ ತುಂಬ ಅನ್ನ ಹಾಕಲಾಗದ್ದು ಅಪ್ಪನ ಪ್ರೀತಿಯ ಕೊರತೆಯಿಂದಲ್ಲ. ಕೆಳಗಿನ ದಿಕ್ಕಿಗೆ ಯಾರೂ ಕೈಮುಗಿಯದೇ ಹೋದದ್ದರಿಂದ. ಅದನ್ನು ಅರ್ಥ ಮಾಡಿಕೊಳ್ಳಬೇಕಾದ ಮಗ ಅವನ ಎಲೆಯ ಮುಂದೆ ಪ್ರತಿಜ್ಞೆಯ ನಂಬರ್ ಎಣಿಸಿದ.

ಇನ್ನು ಕೃತಜ್ಞತೆ ಎಂಬ ಮಾತು. ಪಾಳಿಯಲ್ಲಿ ಕತಞ್ಞುತಾ. ಎರಡೂ ಒಂದೇ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ತಿಳಿದವನು. ಥ್ಯಾಂಕ್ಸ್ ಹೇಳುವುದು ಅದರ ಅರ್ಥದಲ್ಲೇ ಇಲ್ಲ, ಹೊಗಳುವುದೂ ಇಲ್ಲ. ಏನು ಮಾಡಲಾಯಿತು ಎಂದು ತಿಳಿದಿರುವುದು, ಅಷ್ಟೇ. ಅಂಗುತ್ತರ ನಿಕಾಯದ ಎರಡರ ನಿಪಾತದಲ್ಲಿ ಬುದ್ಧರು ಹೇಳುತ್ತಾರೆ: ಒಂದು ಭುಜದ ಮೇಲೆ ತಾಯಿ, ಇನ್ನೊಂದು ಭುಜದ ಮೇಲೆ ತಂದೆಯನ್ನು ನೂರು ವರ್ಷ ಹೊತ್ತರೂ ಋಣ ತೀರದು. ಆದರೆ ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆಗಳಲ್ಲಿ ಅವರನ್ನು ನೆಲೆ ನಿಲ್ಲಿಸಿದವನು ಋಣ ತೀರಿಸಿದ ಹಾಗೆ. ಈ ಎರಡನೇ ಮಾತನ್ನು ಹಿಡಿದುಕೊಂಡೇ ನಾನು 2007ರಲ್ಲಿ ಅಪ್ಪನ ಮೇಲೆ ಬಿದ್ದದ್ದು. ಧಮ್ಮದಲ್ಲಿ ನೆಲೆ ನಿಲ್ಲಿಸುತ್ತಿದ್ದೇನೆ ಅಂದುಕೊಂಡೆ. ಮನೆಯಲ್ಲಿ ಅವನಿಗಿದ್ದ ಒಂದೇ ನೆಲೆಯನ್ನೂ ಕಿತ್ತಿದ್ದೆ.

ತಂದೆಯ ನೋವನ್ನು ಬುದ್ಧರು ಹೇಗೆ ಕೇಳಿಸಿಕೊಂಡರು ಎಂಬುದಕ್ಕೆ ವಿನಯದಲ್ಲಿ ಒಂದು ಪ್ರಸಂಗ ಇದೆ. ಬುದ್ಧರು ಕಪಿಲವಸ್ತುವಿಗೆ ಬಂದಾಗ ಬಾಲಕ ರಾಹುಲ ಹಿಂದೆ ಹಿಂದೆ ಬಂದು ನನ್ನ ಪಾಲು ಕೊಡಿ ಎಂದ. ಬುದ್ಧರು ಸಾರಿಪುತ್ತರಿಗೆ ಹೇಳಿ ಅವನಿಗೆ ಪ್ರವ್ರಜ್ಯೆ ಕೊಡಿಸಿದರು. ಶುದ್ಧೋದನ ಬಂದು ತನ್ನ ಸಂಕಟ ಹೇಳಿಕೊಂಡ. ಮೊದಲು ನೀವು ಹೋದಿರಿ, ಆಮೇಲೆ ನಂದ, ಈಗ ಮೊಮ್ಮಗ, ಮಕ್ಕಳ ಮೇಲಿನ ಪ್ರೀತಿ ಚರ್ಮ ದಾಟಿ ಎಲುಬಿನ ಒಳಗಿನ ತನಕ ಕೊಯ್ಯುತ್ತದೆ ಎಂಬ ಅರ್ಥದ ಮಾತು ಅವನದು. ಇನ್ನು ಮುಂದೆ ತಾಯಿ ತಂದೆಯ ಒಪ್ಪಿಗೆ ಇಲ್ಲದೆ ಮಕ್ಕಳಿಗೆ ಪ್ರವ್ರಜ್ಯೆ ಕೊಡಬೇಡಿ ಎಂದು ಕೇಳಿಕೊಂಡ. ಬುದ್ಧರು ಒಪ್ಪಿದರು, ಸಂಘಕ್ಕೆ ಅದನ್ನು ನಿಯಮ ಮಾಡಿದರು. ರಾಹುಲನನ್ನು ವಾಪಸು ಕಳಿಸಲಿಲ್ಲ, ಅದೂ ನಿಜ. ಆದರೆ ಮುದುಕನೊಬ್ಬನ ಅಳಲು ಸಂಘದ ನಿಯಮವಾಗಿ ಇವತ್ತಿಗೂ ಉಳಿದಿದೆ.

ಬಾಬಾಸಾಹೇಬರ ತಂದೆ ರಾಮಜಿ ಮಾಲೋಜಿ ಸಕ್ಪಾಲರನ್ನು ಈ ದಿನ ನೆನೆಯದೆ ಹೇಗೆ? ಅವರೂ ಹೆಂಡತಿಯನ್ನು ಕಳೆದುಕೊಂಡು ಮಕ್ಕಳನ್ನು ಬೆಳೆಸಿದವರೇ, ಸಹೋದರಿ ಮೀರಾಬಾಯಿಯ ಆಸರೆಯಲ್ಲಿ. ಪರೇಲ್‌ನ ಒಂದು ಕೋಣೆಯ ಮನೆಯಲ್ಲಿ ರಾತ್ರಿ ಎರಡು ಗಂಟೆಯವರೆಗೆ ತಾವು ಎದ್ದಿದ್ದು, ಆಮೇಲೆ ಭೀಮನನ್ನು ಓದಲು ಎಬ್ಬಿಸಿ ತಾವು ಮಲಗುತ್ತಿದ್ದರು. ಮಗ ಕೇಳಿದ ಪುಸ್ತಕಕ್ಕೆ ದುಡ್ಡಿಲ್ಲದಾಗ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಅವರ ಒಡವೆ ಇಸಕೊಂಡು ಅಡವಿಡುತ್ತಿದ್ದರು, ಪಿಂಚಣಿ ಬಂದ ಮೇಲೆ ಬಿಡಿಸಿ ಕೊಡುತ್ತಿದ್ದರು. (ಆ ಅಕ್ಕಂದಿರಿಗೂ ಒಂದು ದಿನ ಬೇಕು ಎಂದು ನಮ್ಮ ಬಳಗದ ಒಬ್ಬ ತಂಗಿ ಹೇಳಿದಳು. ಸರಿಯಾಗಿಯೇ ಹೇಳಿದಳು.) ಹಾಗಂತ ಮಗನಿಗೆ ಅಪ್ಪನ ಮೇಲೆ ಸಿಟ್ಟೇ ಇರಲಿಲ್ಲವೇ? ಇತ್ತು. ಅಪ್ಪ ಎರಡನೇ ಮದುವೆಯಾದದ್ದು ಬಾಲಕ ಭೀಮನಿಗೆ ಹಿಡಿಸಲಿಲ್ಲ. ಮನೆ ಬಿಟ್ಟು ಮುಂಬೈ ಗಿರಣಿಗೆ ಕೆಲಸಕ್ಕೆ ಹೋಗಲು ಅತ್ತೆಯ ಚೀಲದಿಂದ ದುಡ್ಡು ತೆಗೆಯಲು ನೋಡಿದ್ದರು.

1913ರ ಜನವರಿಯಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದ ಕೆಲವೇ ದಿನಕ್ಕೆ ಅಪ್ಪನಿಗೆ ಹುಷಾರಿಲ್ಲ ಎಂದು ತಂತಿ ಬಂತು. ಹೊರಟವರು ಸೂರತ್ ಸ್ಟೇಷನ್ನಿನಲ್ಲಿ ಅಪ್ಪನಿಗೆ ಸಿಹಿ ತರಲು ಇಳಿದರು, ರೈಲು ತಪ್ಪಿತು. ಮನೆ ಮುಟ್ಟಿದ್ದು ಮರುದಿನ. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಇದೆ: ಮಗನಿಗಾಗಿಯೇ ಜೀವ ಹಿಡಿದಿದ್ದ ರಾಮಜಿ ಅವರ ಬೆನ್ನ ಮೇಲೆ ಕೈಯಾಡಿಸಿ ಕಣ್ಣು ಮುಚ್ಚಿದರು. ಅಂದು ಫೆಬ್ರವರಿ 2. ಆ ಸಿಹಿ ಪೊಟ್ಟಣ ಏನಾಯಿತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. 1956ರ ಏಪ್ರಿಲ್‌ನಲ್ಲಿ, ದೀಕ್ಷೆಗೆ ಆರು ತಿಂಗಳು ಇರುವಾಗ, 'ಬುದ್ಧ ಮತ್ತು ಆತನ ಧಮ್ಮ' ಗ್ರಂಥಕ್ಕೆ ಬಾಬಾಸಾಹೇಬರು ಒಂದು ಮುನ್ನುಡಿ ಬರೆದರು. ಗ್ರಂಥದ ಮೊದಲ ಮುದ್ರಣದಲ್ಲಿ ಅದು ಸೇರಲಿಲ್ಲ. ಅದರಲ್ಲಿ ಅವರು ಅಪ್ಪನನ್ನು ನೆನೆಯುತ್ತಾರೆ. ಅಪ್ಪ ಮನೆಯಲ್ಲಿ ರಾಮಾಯಣ, ಮಹಾಭಾರತ ಓದಿಸುತ್ತಿದ್ದರು. ನಮ್ಮನ್ನು ಕೀಳೆನ್ನುವ ಈ ಪುಸ್ತಕ ಯಾಕೆ ಎಂದು ಭೀಮ ಕೇಳಿದ. ನಾವು ಅಸ್ಪೃಶ್ಯರು, ಮಕ್ಕಳಲ್ಲಿ ಕೀಳರಿಮೆ ಬೆಳೆಯಬಹುದು, ಅದು ಹೋಗಲಿ ಎಂದು ಓದಿಸುತ್ತೇನೆ, ದ್ರೋಣ ಕರ್ಣರಂಥ ಸಣ್ಣ ಮನುಷ್ಯರು ಎಷ್ಟು ಎತ್ತರಕ್ಕೆ ಏರಿದರು ನೋಡು ಎಂದು ಅಪ್ಪ ಹೇಳಿದರು. ಆ ಉತ್ತರದಲ್ಲಿ ಹುರುಳಿತ್ತು, ಆದರೆ ನನಗೆ ಸಮಾಧಾನವಾಗಲಿಲ್ಲ ಎಂದು ಬಾಬಾಸಾಹೇಬರು ಬರೆಯುತ್ತಾರೆ. ಗಮನಿಸಿ ಬಂಧುಗಳೇ. ಹಿಂದೂ ಧರ್ಮವನ್ನೇ ಬಿಡಲು ಹೊರಟ ಮಗ, ತೀರಿಹೋಗಿ 43 ವರ್ಷವಾದ ಅಪ್ಪನನ್ನು ಅಣಕಿಸಲಿಲ್ಲ. ಅಪ್ಪ ಯಾಕೆ ಹಾಗೆ ಮಾಡಿದರು ಎಂಬುದನ್ನು ಅಪ್ಪನ ಕಡೆಯಿಂದಲೇ ಹೇಳಿದರು, ಹುರುಳಿದ್ದದ್ದನ್ನು ಒಪ್ಪಿದರು, ಒಪ್ಪಲಾಗದ್ದನ್ನು ಒಪ್ಪಲಿಲ್ಲ. ಅವರು ಕೇಳಿದ್ದರು, ಅದಕ್ಕೇ ಅವರಿಗೆ ಗೊತ್ತಿತ್ತು.

ಹೋದ ವರ್ಷ ಇದೇ ಭಾನುವಾರ ಗೋಣಿಬೀಡಿನಲ್ಲಿ ಮೊದಲ ಸಲ ನಾವು ಈ ದಿನವನ್ನು ತೆಗೆದಿಟ್ಟೆವು. ಬಂದವರಿಗೆ ಒಂದೊಂದು ಹಾಳೆ. ಅಪ್ಪನ ಹೆಸರು, ಅಪ್ಪ ಮಾಡಿದ ಕೆಲಸ, ಅಷ್ಟನ್ನೇ ಬರೆಯುವುದು. ಸುಲಭ ಅಂದುಕೊಂಡಿದ್ದೆವು. ಪೆನ್ನು ಹಿಡಿದು ಸುಮ್ಮನೆ ಕೂತವರೇ ಹೆಚ್ಚು. 'ಕೂಲಿ' ಎಂದು ಬರೆದು ನಿಲ್ಲಿಸಿದರು. ಯಾವ ಕೂಲಿ ಎಂದು ಕೇಳಿದ ಮೇಲೆ ಒಂದೊಂದೇ ಹೊರಬಂತು. ಗುಂಡಿ ತೆಗೆಯುವುದು, ಗಿಡ ನೆಡುವುದು, ಕಪಾತು, ಮೆಣಸು ಕೊಯ್ಯಲು ಏಣಿ ಹತ್ತುವುದು, ಕಣದಲ್ಲಿ ರಾತ್ರಿ ಕಾವಲು. ಅಜ್ಜನ ಹೆಸರು ಎಂಬಲ್ಲಿ ಖಾಲಿ ಬಿಟ್ಟವರು ಹಲವರು. ಅವರವರ ತಪ್ಪಲ್ಲ ಅದು. ಹೆಸರು ಬರೆದಿಟ್ಟ ಪುಸ್ತಕ ಇದ್ದದ್ದು ಮುಂಗಡ ಕೊಟ್ಟವರ ಮನೆಯಲ್ಲಿ.

ಒಬ್ಬ ಅಕ್ಕ ಹಾಳೆ ಮಡಿಚಿ ಕೈಯಲ್ಲೇ ಇಟ್ಟುಕೊಂಡರು. "ನಮ್ಮಪ್ಪ ವಾರದ ಬಟವಾಡೆ ಕುಡಿದು ಬರ್ತಿದ್ದ, ಅವ್ವನಿಗೆ ಹೊಡೀತಿದ್ದ. ಅದನ್ನೂ ಬರೀಲಾ ಮೇಷ್ಟ್ರೇ?" ಅಂದರು. ಯಾರೂ ಮಾತಾಡಲಿಲ್ಲ. ಬರೆಯಿರಿ ಎಂದೆ. ಮಾಡಿದ್ದನ್ನು ತಿಳಿಯುವುದು ಎಂದ ಮೇಲೆ ಅದೂ ಮಾಡಿದ್ದೇ. ಅವರು ಬರೆದರು. ಕೆಳಗೆ ಇನ್ನೊಂದು ಸಾಲೂ ಇತ್ತು: ನಾನು ಏಳನೇ ಕ್ಲಾಸು ಬಿಡಬಾರದು ಅಂತ ಅವ್ವನ ಜೊತೆ ಜಗಳ ಆಡಿ ಶಾಲೆಗೆ ಕಳಿಸಿದವನೂ ಅವನೇ. ಅವ್ವಂದಿರ ಹೆಸರು ಯಾಕಿಲ್ಲ ಎಂದೂ ಅವರೇ ಕೇಳಿದರು. ಅದೂ ಸರಿ. ಪಾಳಿಯಲ್ಲಿ ಮಾತಾಪಿತಾ ಎಂದೇ ಇದೆ, ತಾಯಿ ಮೊದಲು. ಈ ಸಲದ ಹಾಳೆಯಲ್ಲಿ ಎರಡೂ ಹೆಸರಿಗೆ ಜಾಗ ಇದೆ.

ನನ್ನ ಹಾಳೆಯಲ್ಲಿ ಹೋದ ವರ್ಷ ಹನ್ನೊಂದು ಕೆಲಸ ಬರೆದೆ. ಆಮೇಲೆ ಒಂದು ನೆನಪಾಗಿ ಹಿಂದುಗಡೆ ಸೇರಿಸಿದೆ. ಇದೇ ಜೂನ್ ಮಳೆಯಲ್ಲಿ ಅಪ್ಪ ನನ್ನನ್ನು ಶಾಲೆಗೆ ಬಿಡಲು ಬರುತ್ತಿದ್ದ. ಇದ್ದದ್ದು ಒಂದೇ ಗೋಣಿಕೊಪ್ಪೆ. ಅದನ್ನು ನನ್ನ ತಲೆಗೆ ಹಾಕಿ, ಪುಸ್ತಕವನ್ನು ತನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ನಡೆಯುತ್ತಿದ್ದ. ಶಾಲೆ ಹತ್ತಿರ ಬಂದ ಹಾಗೆ ನಾನು ಓಡಿ ಮುಂದೆ ಹೋಗುತ್ತಿದ್ದೆ, ಅವನು ನಮ್ಮಪ್ಪ ಎಂದು ಬೇರೆ ಹುಡುಗರಿಗೆ ಗೊತ್ತಾಗದಿರಲಿ ಅಂತ. ಅವನು ಗೇಟಿನ ಹತ್ತಿರ ಪುಸ್ತಕ ಕೊಟ್ಟು ಒದ್ದೆಯಾಗಿ ತೋಟಕ್ಕೆ ಹಿಂದಿರುಗುತ್ತಿದ್ದ.

*ಇಂದಿನ ಅಭ್ಯಾಸ:* ತಂದೆ ಬದುಕಿದ್ದರೆ ಸ್ಟೇಟಸ್ ಹಾಕುವ ಮುಂಚೆ ಹತ್ತಿರ ಕೂತು ಒಂದು ಪ್ರಶ್ನೆ ಕೇಳಿ. ನಿಮ್ಮಿಬ್ಬರಿಗೂ ಜಗಳವಾದ ಯಾವುದಾದರೂ ಒಂದು ವಿಷಯ ಹಿಡಿದು, ಯಾಕೆ ಹಾಗೆ ಮಾಡಿದೆ ಅಪ್ಪ ಎಂದು ಕೇಳಿ, ಪೂರ್ತಿ ಹೇಳುವವರೆಗೆ ಸುಮ್ಮನಿರಿ. ಎಡೆ ಇಡುವ ಮನೆಗಳಲ್ಲೂ ಇದನ್ನೇ ಮೊದಲು ಮಾಡಿ. ಪ್ರತಿಜ್ಞೆಯ ಮಾತು ಆಮೇಲೆ ಇದ್ದೇ ಇದೆ. ನಾನು ಎಡೆ ಇಡುವುದಿಲ್ಲ, ಮುಂದೆಯೂ ಇಡುವುದಿಲ್ಲ. ಅಪ್ಪ ತೀರಿಕೊಂಡ ದಿನ ಲೈನ್ ಮನೆಗಳ ಮಕ್ಕಳಿಗೆ ಹೊಟ್ಟೆ ತುಂಬ ಊಟ ಹಾಕಿಸುತ್ತೇನೆ, ಕೋಳಿ ಸಾರು ಸಮೇತ.

ಇವತ್ತು ಬೆಳಿಗ್ಗೆ 11ಕ್ಕೆ ಎಂದಿನ ಜಾಗದಲ್ಲಿ ಸೇರೋಣ. ಮಳೆ ಜೋರಿದೆ, ದೂರದ ತೋಟಗಳಿಂದ ಬರುವವರಿಗೆ ಕಾಯುತ್ತೇವೆ, ಅವಸರ ಬೇಡ. ಮಕ್ಕಳನ್ನು ಕರೆತನ್ನಿ. ಅಪ್ಪ ಅವ್ವ, ಅಜ್ಜ ಅಜ್ಜಿಯರ ಹೆಸರು ವಿಚಾರಿಸಿಕೊಂಡು ಬನ್ನಿ. ಸಿಗದಿದ್ದವರೂ ಬನ್ನಿ, ಖಾಲಿ ಜಾಗ ಬಿಟ್ಟೇ ಬರೆಯೋಣ.

ಜೈ ಭೀಮ್. ನಮೋ ಬುದ್ಧಾಯ.